ಕಾಡಿಗೆ ಬೆಂಕಿರೇಖೆ ಇದೆ, ಮನೆಗೆ?



ಬೇಸಿಗೆ ಹತ್ತಿರವಾದಂತೆ ಪತ್ರಿಕೆಗಳಲ್ಲಿ ಬರುವ ಕಾಳ್ಗಿಚ್ಚು ಸಿದ್ಧತೆಯ ಸುದ್ದಿ ಪ್ರತಿ ವರ್ಷವೂ ಒಂದೇ: ಬೆಂಕಿ ಹರಡದಂತೆ ಬೆಂಕಿರೇಖೆ ತೆಗೆದದ್ದು, ಕಾವಲುಗಾರರ ನೇಮಕ, ಕಾಡಿಗೆ ಬೆಂಕಿ ಹಚ್ಚಿದವರ ಮೇಲೆ ಕಠಿಣ ಕ್ರಮ. ಇದೆಲ್ಲ ಬೇಕಾದದ್ದೇ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕ ಮುರಿಗೆಪ್ಪ ಹಿಂದಿರುಗಲಿಲ್ಲ. ಎರಡೇ ವರ್ಷಕ್ಕೆ ಅದೇ ಬಂಡೀಪುರದಲ್ಲಿ 10 ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಕಾಡು ಕಾಯುವವರ ಕಷ್ಟ ದೊಡ್ಡದು. ಆದರೆ ಕಾಡಂಚಿನ ಮನೆಗಳ ಮಾತು ಈ ಸಿದ್ಧತೆಯಲ್ಲಿ ಎಲ್ಲಿಯೂ ಕಾಣುತ್ತಿಲ್ಲ ಎಂಬುದು ನನ್ನ ತಕರಾರು. ನಮ್ಮ ಹೆಸರು ಬರುವುದು ಬೆಂಕಿ ಹಚ್ಚುವವರೆಂದು ಮಾತ್ರ.

ಮಲೆನಾಡಿನ ಒಂಟಿ ಮನೆಗಳನ್ನು ಮಾರ್ಚ್ ತಿಂಗಳಲ್ಲಿ ಬಂದು ನೋಡಿ. ಅಂಗಳದ ಮೂಲೆಯಲ್ಲಿ ಹುಲ್ಲಿನ ಗೊಣಬೆ, ಕೊಟ್ಟಿಗೆಗೆ ತಾಗಿ ದರಕಿನ (ಒಣ ಎಲೆಯ) ರಾಶಿ, ಮಳೆಗಾಲಕ್ಕೆಂದು ಒಟ್ಟಿದ ಕಟ್ಟಿಗೆ, ಒಣ ಸೋಗೆ, ಹಂಚಿನ ಸಂದಿಯಲ್ಲಿ ಉದುರಿದ ಎಲೆ. ಹಿತ್ತಲಿಗೆ ಬೆಟ್ಟ, ಹಲವು ಕಡೆ ಬೇಲಿಯವರೆಗೂ ಅಕೇಶಿಯಾ ನೆಡುತೋಪು. ಇಂಥಲ್ಲಿ ಬೆಂಕಿ ನೆಲ ಹಿಡಿದೇ ಬರಬೇಕೆಂದಿಲ್ಲ, ಗಾಳಿಗೆ ಹಾರಿದ ಒಂದು ಕಿಡಿ ಸಾಕು. 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣವನ್ನು ನುಂಗಿ 85 ಜನರನ್ನು ಕೊಂದ ಕಾಳ್ಗಿಚ್ಚಿನಲ್ಲೂ ಮನೆಗಳಿಗೆ ಬೆಂಕಿ ಮುಟ್ಟಿಸಿದ್ದು ಬಹುಪಾಲು ಹಾರಿಬಂದ ಕಿಡಿಗಳೇ. ಅಂಥ ಅಪಾಯದ ಪ್ರದೇಶಗಳಲ್ಲಿ ಮನೆಯ ಸುತ್ತ 100 ಅಡಿಯವರೆಗೆ ಒಣಹುಲ್ಲು, ಕುರುಚಲು ಕಡಿಮೆ ಮಾಡಬೇಕೆಂದು ಅಲ್ಲಿ ಕಾನೂನೇ ಇದೆ. ನಮ್ಮ ಕಾಡಿನ ಬೆಂಕಿ ಅಷ್ಟು ಉಗ್ರವಲ್ಲ; ಹೆಚ್ಚಾಗಿ ನೆಲದ ತರಗೆಲೆ ಸುಡುವಂಥದ್ದು. ಹಾಗಾಗಿಯೇ ಮೊದಲೇ ಎಚ್ಚೆತ್ತರೆ ಇಲ್ಲಿ ಮನೆ ಉಳಿಸಿಕೊಳ್ಳುವುದು ಕಷ್ಟವೂ ಅಲ್ಲ.

ಹಿಂದೆ ಊರಿಗೆ ಊರೇ ಹಸಿ ಸೊಪ್ಪು ಹಿಡಿದು ಬೆಂಕಿಗೆ ಎದುರು ನಿಲ್ಲುತ್ತಿತ್ತು. ಈಗ ಮಕ್ಕಳೆಲ್ಲ ಬೆಂಗಳೂರು ಸೇರಿ ಎಷ್ಟೋ ಮನೆಗಳಲ್ಲಿ ಉಳಿದವರು ಇಬ್ಬರೇ ವೃದ್ಧರು. ಅಗ್ನಿಶಾಮಕ ವಾಹನ ತಾಲ್ಲೂಕು ಕೇಂದ್ರದಿಂದ ಬರಬೇಕು. ಬಂದರೂ ಮಣ್ಣುರಸ್ತೆಯ ತಿರುವಿನಲ್ಲಿ ನಿಲ್ಲಬೇಕು. ಅಷ್ಟರಲ್ಲಿ ಕರೆಂಟ್ ಹೋದರೆ ಬಾವಿಯ ಪಂಪೂ ಇಲ್ಲ. ಆದ್ದರಿಂದ ಗೊಣಬೆ, ದರಕನ್ನು ಮನೆಯಿಂದ ದೂರ ಹಾಕುವುದು, ಡ್ರಮ್ಮಿನಲ್ಲಿ ನೀರು ತುಂಬಿಡುವುದು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಅಟ್ಟಕ್ಕೇರಿಸಿದ ಪಂಪು-ಪೈಪುಗಳನ್ನು ಕೆಳಗಿಳಿಸಿ ಸುಸ್ಥಿತಿಯಲ್ಲಿಡುವುದು ನಮ್ಮ ನಮ್ಮ ಕೆಲಸ. ದನಗಳ ಕಣ್ಣಿ ಬಿಚ್ಚುವವರು ಯಾರು, ಅಜ್ಜ ಅಜ್ಜಿಯರನ್ನು ಯಾವ ದಾರಿಯಲ್ಲಿ ಯಾರು ಕರೆದೊಯ್ಯಬೇಕು ಎಂಬುದನ್ನು ಮನೆಮಂದಿ, ನೆರೆಯವರು ಕೂತು ಮೊದಲೇ ಮಾತಾಡಿಕೊಳ್ಳಬೇಕು. ಗಡಿಬಿಡಿಯಲ್ಲಿ ಇದ್ಯಾವುದೂ ಹೊಳೆಯುವುದಿಲ್ಲ.

ಆದರೆ ಬೇಲಿಯಾಚೆಯ ತರಗೆಲೆ ನಾವು ಗುಡಿಸಿ ಮುಗಿಯುವಂಥದ್ದಲ್ಲ. ನೆಡುತೋಪಿಗೂ ಮನೆಗಳಿಗೂ ನಡುವೆ ಬೆಂಕಿರೇಖೆ ತೆಗೆಯಬೇಕಾದದ್ದು ಅರಣ್ಯ ಇಲಾಖೆ. ಉಪಗ್ರಹ ಗುರುತಿಸಿದ ಬೆಂಕಿಯ ಮಾಹಿತಿಯನ್ನು ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಮೊಬೈಲಿಗೆ ಕಳಿಸುತ್ತದೆ. ಹೆಸರು ನೋಂದಾಯಿಸಿದರೆ ಸಾರ್ವಜನಿಕರಿಗೂ ಸಿಗುತ್ತದೆ. ಇದನ್ನು ಹಳ್ಳಿಗೆ ತಿಳಿಸಬೇಕಾದವರು ಯಾರು?

ಕಾಡಂಚಿನ ಪ್ರತಿ ಪಂಚಾಯಿತಿಯೂ ಜನವರಿ ಮುಗಿಯುವ ಮೊದಲು ಮನೆಗಳ ಬೆಂಕಿ ಸಿದ್ಧತೆಗಾಗಿಯೇ ಒಂದು ಗ್ರಾಮಸಭೆ ಕರೆಯಲಿ. ಅರಣ್ಯ, ಅಗ್ನಿಶಾಮಕ, ವಿದ್ಯುತ್ ಇಲಾಖೆಯವರು ಅಲ್ಲಿಗೆ ಬರಲಿ. ವೃದ್ಧರಷ್ಟೇ ಇರುವ ಮನೆಗಳ ಪಟ್ಟಿ ಅಲ್ಲಿಯೇ ಆಗಲಿ ಎಂದು ಜಿಲ್ಲಾಡಳಿತವನ್ನು ಒತ್ತಾಯಿಸುತ್ತೇನೆ.

— ಬೆಟ್ಟದಂಚಿನ ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು