ಮರಳಿನ ಲಾರಿ ಮತ್ತು ಒಂಟಿ ವರದಿಗಾರ

ಮಧ್ಯಪ್ರದೇಶದ ಭಿಂಡ್ ಪಟ್ಟಣದಲ್ಲಿ 2018ರ ಮಾರ್ಚ್ 26ರಂದು ಸಂದೀಪ್ ಶರ್ಮಾ ಎಂಬ ವರದಿಗಾರರು ಬೈಕಿನಲ್ಲಿ ಹೋಗುತ್ತಿದ್ದಾಗ ಲಾರಿಯೊಂದು ಪಕ್ಕಕ್ಕೆ ತಿರುಗಿ ಅವರ ಮೇಲೆ ಹರಿಯಿತು. ಪೊಲೀಸ್ ಠಾಣೆ ಸಮೀಪದಲ್ಲೇ ಇತ್ತು. ಆ ಕ್ಷಣ ಸಿಸಿಟಿವಿಯಲ್ಲಿ ದಾಖಲಾಯಿತು. ದೇಶವೆಲ್ಲ ಅದನ್ನು ನೋಡಿತು.

ಅವರು ದೊಡ್ಡ ವಾಹಿನಿಯ ಪ್ರಸಿದ್ಧ ಮುಖವಾಗಿರಲಿಲ್ಲ. 'ನ್ಯೂಸ್ ವರ್ಲ್ಡ್' ಎಂಬ ಸ್ಥಳೀಯ ವಾಹಿನಿಯ ವರದಿಗಾರರು. ಅಕ್ರಮ ಮರಳು ಸಾಗಣೆಗೆ ಪೊಲೀಸ್ ಅಧಿಕಾರಿಯೊಬ್ಬರು ಲಂಚಕ್ಕೆ ಒಪ್ಪುವುದನ್ನು ಕುಟುಕು ಕಾರ್ಯಾಚರಣೆಯ ಮೂಲಕ ಬಯಲಿಗೆ ತಂದಿದ್ದರು. ಬಳಿಕ ಜೀವಭಯವಿದೆಯೆಂದು ಸರ್ಕಾರಕ್ಕೆ ಪತ್ರ ಬರೆದು ರಕ್ಷಣೆಯನ್ನೂ ಕೋರಿದ್ದರು. ಸಾವಿನ ನಂತರ ಸಿಬಿಐ ತನಿಖೆಗೆ ಶಿಫಾರಸು ಮಾಡಲಾಯಿತು. ಅದು ಕೊಲೆಯೋ ಅಪಘಾತವೋ ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ರಕ್ಷಣೆ ಬೇಡಿದ ಮನುಷ್ಯ ಒಬ್ಬಂಟಿಯಾಗಿ ರಸ್ತೆಯಲ್ಲಿ ಸತ್ತನೆಂಬುದಕ್ಕೆ ತೀರ್ಪು ಬೇಕಾಗಿಲ್ಲ.

ಇದೇ ಸೀಮೆಯ ಮೊರೇನಾದಲ್ಲಿ 2012ರ ಮಾರ್ಚ್ 8ರಂದು ಅಕ್ರಮ ಗಣಿಗಾರಿಕೆಯ ಕಲ್ಲು ತುಂಬಿದ ಟ್ರ್ಯಾಕ್ಟರನ್ನು ತಡೆಯಹೋದ ಐಪಿಎಸ್ ಅಧಿಕಾರಿ ನರೇಂದ್ರ ಕುಮಾರ್ ಅದರಡಿ ಸಿಕ್ಕಿ ಸತ್ತರು. ಸಮವಸ್ತ್ರಕ್ಕೇ ಇಲ್ಲದ ರಕ್ಷಣೆ ಒಂದು ಕ್ಯಾಮೆರಾಕ್ಕೆ ಎಲ್ಲಿಂದ ಬರಬೇಕು?

ಚಂಬಲ್ ನದಿಯ ಘರಿಯಾಲ್ ಮೊಸಳೆ ಮೊಟ್ಟೆಯಿಡುವುದು ದಡದ ಮರಳಿನಲ್ಲಿ. ಮರಳು ಹೋದರೆ ಅದರ ಸಂತತಿಯೇ ಹೋಗುತ್ತದೆ. ನಮ್ಮ ಮಲೆನಾಡಿನ ಹೊಳೆಗಳಿಗೂ ಮರಳೇ ಆಸರೆ. ಅದು ನೀರಿನ ವೇಗವನ್ನು ತಗ್ಗಿಸಿ, ನೆಲಕ್ಕೆ ಇಂಗಿಸಿ, ಬೇಸಿಗೆಗೆ ಉಳಿಸುತ್ತದೆ. ಮರಳು ಬರಿದಾದಲ್ಲಿ ಹೊಳೆಯ ತಳ ಇಳಿದು, ದಂಡೆ ಕುಸಿದು, ಪಕ್ಕದ ತೋಟದ ಬಾವಿ ಬತ್ತುತ್ತದೆ. ಐದು ಹೆಕ್ಟೇರಿಗಿಂತ ಕಡಿಮೆ ವಿಸ್ತೀರ್ಣದ ಇಂಥ ಗಣಿಗಾರಿಕೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಕಾನೂನಿದೆ; ರಾತ್ರಿಯ ಲಾರಿಯನ್ನು ಲೆಕ್ಕ ಹಾಕುವ ಕಣ್ಣುಗಳು ಕಡಿಮೆ.

ಅಂಥ ಕಣ್ಣು ಬಹುತೇಕ ಕಡೆ ತಾಲ್ಲೂಕಿನ ಬಿಡಿ ವರದಿಗಾರನದು. ಅವನಿಗೆ ಸುದ್ದಿಯ ಲೆಕ್ಕದಲ್ಲಿ ಪುಡಿಗಾಸು. ನೇಮಕ ಪತ್ರವಿರುವುದು ಅಪರೂಪ. ಅವನ ಮನೆ ಎಲ್ಲಿದೆಯೆಂದು ಲಾರಿ ಮಾಲೀಕನಿಗೂ ಗೊತ್ತು. ಸುದ್ದಿಯನ್ನು ಮುಚ್ಚಿಡಲು ಹಣ ಕೇಳುವ ವರದಿಗಾರರೂ ಇದ್ದಾರೆ, ನಿಜ. ಪ್ರಾಮಾಣಿಕನನ್ನು ಗುರುತಿಸಿ ಅವನ ಹಿಂದೆ ನಿಲ್ಲಲು ಅದೇ ಹೆಚ್ಚಿನ ಕಾರಣವಾಗಬೇಕು.

ಗೋಪ್ಯವಾಗಿ ಮಾಹಿತಿ ಕೊಟ್ಟು ಬಾಗಿಲು ಹಾಕಿಕೊಳ್ಳುವುದು ನಮ್ಮ ಹಳ್ಳಿಗಳ ರೂಢಿ. ಇದು ಬದಲಾಗಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ಮಂದಿ ಪ್ರತ್ಯೇಕವಾಗಿ ಸಹಿ ಹಾಕಿ ಕಳಿಸಲಿ. ದಿನಾಂಕವಿರುವ ಚಿತ್ರಗಳ ಪ್ರತಿ ಹಲವರ ಬಳಿ ಇರಲಿ. ಗ್ರಾಮಸಭೆಯಲ್ಲಿ ವಿಷಯ ನಿರ್ಣಯವಾಗಿ ದಾಖಲಾಗಲಿ. ವರದಿಗಾರನಿಗೆ ಬೆದರಿಕೆ ಬಂದ ದಿನವೇ ಊರವರು ಒಟ್ಟಾಗಿ ಠಾಣೆಗೆ ಹೋಗಲಿ. ವಿದ್ಯಾರ್ಥಿಗಳು ಈ ಕೆಲಸವನ್ನು ಕಲಿಯಲಿ. ಸತ್ಯ ಒಬ್ಬನ ಬಳಿಯಷ್ಟೇ ಇದ್ದರೆ ಅವನನ್ನು ಮುಗಿಸಿದರೆ ಸಾಕು. ಅದು ನೂರು ಮನೆಗಳಲ್ಲಿದ್ದರೆ ಲಾರಿಗೆ ದಾರಿಯಿಲ್ಲ.