ಅಧ್ಯಕ್ಷಗಿರಿಯ ಗದ್ದಲದಲ್ಲಿ ಮರೆತುಹೋದ ಸಾಮಾನ್ಯ ಸಭೆ

ನಗರಸಭೆಯ ಸಾಮಾನ್ಯ ಸಭೆಯ ಅಜೆಂಡಾವನ್ನು ಕೆಲವು ಬಾರಿ ಓದಿದವರಿಗೆ ಅದರ ಸಾಲುಗಳು ಬಾಯಿಪಾಠವಾಗಿಬಿಡುತ್ತವೆ. ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು, ತಿಂಗಳ ಜಮಾ-ಖರ್ಚಿಗೆ ಮಂಜೂರಾತಿ ನೀಡುವುದು, ಇಂಥ ವಾರ್ಡಿನ ಕೊಳವೆಬಾವಿಗೆ ಪಂಪು-ಮೋಟಾರ್ ಅಳವಡಿಸಿದ ಬಾಬ್ತು ಬಿಲ್ಲಿಗೆ ಘಟನೋತ್ತರ ಅನುಮೋದನೆ, ಬೀದಿದೀಪ ನಿರ್ವಹಣೆಯ ಟೆಂಡರ್, ಮಳಿಗೆಗಳ ಮರುಹರಾಜು, ಕಟ್ಟಕಡೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’. ಸಭೆಯಲ್ಲಿ ಗದ್ದಲವಾದರೆ ಮಾತ್ರ ಮಾರನೇ ದಿನದ ಜಿಲ್ಲಾ ಪುಟದಲ್ಲಿ ಇದಕ್ಕೆ ಜಾಗ ಸಿಗುತ್ತದೆ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಬದುಕುವವರ ಮನೆ ಮುಂದಿನ ಚರಂಡಿ, ನಲ್ಲಿ, ದೀಪ, ಕಸ ಎಲ್ಲದರ ಹಣೆಬರಹ ನಿರ್ಧಾರವಾಗಬೇಕಾದದ್ದು ಈ ಸಾಲುಗಳಲ್ಲೇ.

ಈ ಸಭೆಯೇ ನಡೆಯದೆ ಊರು ನಡೆಯಬಲ್ಲದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದಕ್ಕೆ ಕಾರಣವೂ ಇದೆ. ಮಾಲೂರು, ಶ್ರೀನಿವಾಸಪುರ ಪುರಸಭೆಗಳಿಗೆ 2019ರ ಮೇ ತಿಂಗಳಲ್ಲಿ, ಕೋಲಾರ ಮತ್ತು ಮುಳಬಾಗಿಲು ನಗರಸಭೆಗಳಿಗೆ ಅದೇ ವರ್ಷದ ನವೆಂಬರ್‌ನಲ್ಲಿ ಚುನಾವಣೆ ನಡೆಯಿತು. ಕೋಲಾರದಲ್ಲಿ 35, ಮುಳಬಾಗಿಲಿನಲ್ಲಿ 31, ಮಾಲೂರಿನಲ್ಲಿ 27, ಶ್ರೀನಿವಾಸಪುರದಲ್ಲಿ 23 ವಾರ್ಡ್. ಜನ ಸಾಲಿನಲ್ಲಿ ನಿಂತು ಮತ ಹಾಕಿದರು, ಗೆದ್ದವರು ಹಾರ ಹಾಕಿಸಿಕೊಂಡರು. ಆಮೇಲೆ ಎಲ್ಲವೂ ನಿಂತಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಇತ್ಯರ್ಥವಾಗಿ ಅಧ್ಯಕ್ಷರು ಕುರ್ಚಿಯಲ್ಲಿ ಕೂರುವಷ್ಟರಲ್ಲಿ 2020ರ ಕೊನೆ ಬಂದಿತ್ತು. ಅಧ್ಯಕ್ಷರ ಮೊದಲ 30 ತಿಂಗಳ ಅವಧಿ 2023ರ ಬೇಸಿಗೆಗೆ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ಎರಡೂ ಸಲದ ಕಾಯುವಿಕೆ ಕೂಡಿಸಿದರೆ, ಜನರು ಆರಿಸಿದ ಕೌನ್ಸಿಲ್ ಎರಡು ವರ್ಷಕ್ಕೂ ಹೆಚ್ಚು ಕಾಲ ಅಧ್ಯಕ್ಷರಿಲ್ಲದೆ ಕಳೆಯಿತು. ರಾಜ್ಯದ ಬಹುತೇಕ ಸಣ್ಣ ಊರುಗಳ ಕಥೆಯೂ ಇದೇ.

ಸಂವಿಧಾನದ 243-ಯು ವಿಧಿಯ ಪ್ರಕಾರ ಸ್ಥಳೀಯ ಸಂಸ್ಥೆಯ ಐದು ವರ್ಷದ ಅವಧಿ ಎಣಿಕೆಯಾಗುವುದು ಮೊದಲ ಸಭೆಯ ದಿನದಿಂದ. ಹೀಗಾಗಿ ಮೊದಲ ವಿಳಂಬದಿಂದ ಸದಸ್ಯರಿಗೆ ಹೋದದ್ದು ಹೆಚ್ಚೇನಿಲ್ಲ. ಕಳೆದುಕೊಂಡದ್ದು ಊರು. ಮತ ಹಾಕಿ ಆದಮೇಲೂ ಒಂದು ವರ್ಷ ಕೋಲಾರಕ್ಕೆ ಕೌನ್ಸಿಲ್ ಇರಲಿಲ್ಲ. ಮಾಲೂರು, ಶ್ರೀನಿವಾಸಪುರಕ್ಕೆ ಇನ್ನೂ ಹೆಚ್ಚು ಕಾಲ.

ಈ ಖಾಲಿ ಅವಧಿಯಲ್ಲಿ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ, ತಹಶೀಲ್ದಾರ್ ಮಟ್ಟದ ಅಧಿಕಾರಿಗಳು ಆಡಳಿತಾಧಿಕಾರಿಗಳಾಗುತ್ತಾರೆ. ಅವರಲ್ಲಿ ಎಷ್ಟೋ ಮಂದಿ ದಕ್ಷರು. ಕಸದ ಗಾಡಿ ಹೊರಡುತ್ತದೆ, ಸಂಬಳ ಆಗುತ್ತದೆ, ಬಿಲ್ ಪಾಸಾಗುತ್ತದೆ. ‘ಅಧಿಕಾರಿ ಇದ್ದಾಗಲೇ ಚೆನ್ನಾಗಿತ್ತು, ಜಗಳ ಇರಲಿಲ್ಲ’ ಎಂದು ಹೇಳುವವರೂ ಸಿಗುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಆಡಳಿತಾಧಿಕಾರಿಯ ಮೇಜಿನ ಮೇಲೆ ಪಂಪು-ಮೋಟಾರ್ ಬಿಲ್ ಒಂದು ಕಡತವಾಗಿ ಬರುತ್ತದೆ. ಅದೇ ಬಿಲ್ ಕೌನ್ಸಿಲ್ ಮುಂದೆ ಬಂದರೆ ಆ ವಾರ್ಡಿನ ಸದಸ್ಯ ಎದ್ದು ನಿಂತು, ‘ಈ ಮೋಟಾರ್ ಹೋದ ತಿಂಗಳು ರೀವೈಂಡ್ ಆಗಿದೆ, ಮತ್ತೆ ಹೊಸದು ಯಾಕೆ? ಹಳೇದು ಎಲ್ಲಿ?’ ಎಂದು ಕೇಳಬಹುದು. ಪಕ್ಕದ ವಾರ್ಡಿನವರು ‘ನಮಗೆ ಮೂರು ತಿಂಗಳಿಂದ ಕೊಟ್ಟಿಲ್ಲ’ ಎಂದು ದನಿಗೂಡಿಸಬಹುದು. ಆ ಜಗಳವೇ ಲೆಕ್ಕಪರಿಶೋಧನೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಅದು ಅರ್ಧ ತೆಲುಗಿನಲ್ಲಿ ನಡೆದೀತು, ನಡವಳಿ ಪುಸ್ತಕಕ್ಕೆ ಕನ್ನಡದಲ್ಲಿ ಇಳಿದೀತು. ಆದರೆ ಆ ಕೊಳವೆಬಾವಿಯ ಚರಿತ್ರೆ ಗೊತ್ತಿರುವುದು ಅಲ್ಲಿನವರಿಗೇ ಹೊರತು ವರ್ಗಾವಣೆಯ ಮೇಲೆ ಬಂದು ಹೋಗುವವರಿಗಲ್ಲ.

ನಮ್ಮ ಕೋಲಾರ ಜಿಲ್ಲೆಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ನೆಲ ಇದು. ಸಾವಿರ ಅಡಿ ದಾಟಿ ಕೊರೆದರೂ ನೀರು ಸಿಗದ ಅನುಭವ ಪ್ರತಿ ಊರಿಗೂ ಇದೆ. ಬೆಂಗಳೂರಿನ ಸಂಸ್ಕರಿತ ನೀರು 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಲಕ್ಷ್ಮೀಸಾಗರ ಕೆರೆಗೆ ಹರಿದ ಮೇಲೆ ಅಂತರ್ಜಲಕ್ಕೆ ಒಂದಿಷ್ಟು ಜೀವ ಬಂತು. ಮಾರ್ಕಂಡೇಯ ನದಿಗೆ ಅಡ್ಡಲಾಗಿ ಬಂಗಾರಪೇಟೆ ತಾಲ್ಲೂಕಿನ ಯರಗೋಳ್‌ನಲ್ಲಿ ಕಟ್ಟಿದ ಅಣೆಕಟ್ಟು ವರ್ಷಗಟ್ಟಲೆ ಎಳೆದಾಡಿ 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೂ ದಾರಿಯ ಹಳ್ಳಿಗಳಿಗೂ ಕುಡಿಯುವ ನೀರು ಕೊಡುವ ಯೋಜನೆ ಅದು. ಮುಳಬಾಗಿಲು, ಶ್ರೀನಿವಾಸಪುರ ಪಟ್ಟಣಗಳು ಅದರಲ್ಲಿಲ್ಲ.

ಯರಗೋಳ್ ನೀರು ಕೋಲಾರದ ಬಾಗಿಲಿಗೆ ಬಂದ ಆ ದಿನಗಳಲ್ಲಿ ನಗರಸಭೆಗೆ ಚುನಾಯಿತ ಅಧ್ಯಕ್ಷರೇ ಇರಲಿಲ್ಲ. ಅಣೆಕಟ್ಟು ಕಟ್ಟುವುದು ಎಂಜಿನಿಯರುಗಳ ಕೆಲಸ. ಬಂದ ನೀರನ್ನು ಯಾವ ವಾರ್ಡಿಗೆ ಯಾವ ದಿನ ಬಿಡಬೇಕು, ಹಳೆಯ ಪೈಪ್‌ಲೈನ್ ಎಲ್ಲಿ ಸೋರುತ್ತದೆ, ಯಾವ ಬಡಾವಣೆಗೆ ಓವರ್‌ಹೆಡ್ ಟ್ಯಾಂಕ್ ಇಲ್ಲ, ಟ್ಯಾಂಕರ್ ಬಾಡಿಗೆ ಇನ್ನೂ ಎಷ್ಟು ದಿನ, ನೀರಿನ ಕರ ಎಷ್ಟು ಎನ್ನುವುದೆಲ್ಲ ಸದಸ್ಯರು ಕೂತು ತೀರ್ಮಾನಿಸಬೇಕಾದ ದಿನನಿತ್ಯದ ವಿಷಯ. ಅದನ್ನು ತೀರ್ಮಾನಿಸಬೇಕಾದ ಹೊತ್ತಿನಲ್ಲೇ ಕುರ್ಚಿ ಖಾಲಿ.

ದುಡ್ಡಿನ ವಿಷಯಕ್ಕೆ ಬಂದರೆ, ಕೌನ್ಸಿಲ್ ಕೈಗೆ ಸಿಗುವುದೇ ಕಡಿಮೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದಿತ್ತು. ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ದೊಡ್ಡ ಪಾಲು ವೇತನ ಮತ್ತು ವಿದ್ಯುತ್ ಬಿಲ್ಲಿಗೆ ಹೋಗುತ್ತದೆ. ಪರಿಶಿಷ್ಟ ಜಾತಿ-ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ನಿಧಿ ತೆಗೆದಿಡಬೇಕು. ಇದು ನ್ಯಾಯವಾದದ್ದೇ, ಆದರೆ ಆ ಹಣ ಯಾರಿಗೆ ತಲುಪಿತು ಎಂದು ಕೇಳುವ ಜಾಗವೂ ಸಾಮಾನ್ಯ ಸಭೆಯೇ. ಆಸ್ತಿ ತೆರಿಗೆಯ ಜೊತೆ ಕಟ್ಟಿಸಿಕೊಳ್ಳುವ ಶೇ 6ರ ಗ್ರಂಥಾಲಯ ಕರ, ಶೇ 3ರ ಭಿಕ್ಷುಕರ ಕರ ಊರಿನ ಬೊಕ್ಕಸದಲ್ಲಿ ನಿಲ್ಲುವಂಥವಲ್ಲ. ಹಾಗಾಗಿ ಸ್ವಂತದ್ದು ಎನ್ನಬಹುದಾದ ಮುಖ್ಯ ಆದಾಯ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ ಮತ್ತು ಪರವಾನಗಿ ಶುಲ್ಕ. ಬೆಂಗಳೂರಿನ ಮಗ್ಗುಲಲ್ಲಿರುವ ಮಾಲೂರಿನಲ್ಲಿ ಹೊಲಗಳೆಲ್ಲ ನಿವೇಶನಗಳಾಗುತ್ತಿವೆ. 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದ ಅನಧಿಕೃತ ಸ್ವತ್ತುಗಳಿಗೆ ಬಿ-ಖಾತೆ ಕೊಡುವ ಅಭಿಯಾನ 2025ರ ಫೆಬ್ರುವರಿಯಲ್ಲಿ ಶುರುವಾದಾಗ, ಮೊದಲ ವರ್ಷ ದುಪ್ಪಟ್ಟು ತೆರಿಗೆ ಎಂಬ ಷರತ್ತೂ ಇತ್ತು. ದುಪ್ಪಟ್ಟು ತೆರಿಗೆ ಕಟ್ಟಿದ ಬಡಾವಣೆಗೆ ಚರಂಡಿ, ರಸ್ತೆ ಯಾವಾಗ ಎಂಬ ಪ್ರಶ್ನೆ ಎಲ್ಲ ಊರುಗಳ ಮುಂದಿದೆ.

ಪೌರಕಾರ್ಮಿಕರು ಸಾಕಷ್ಟಿದ್ದಾರೆಯೇ ಎಂದು ಕೇಳಬೇಕಾದದ್ದೂ ಇದೇ ಸಭೆಯಲ್ಲಿ. 700 ಜನರಿಗೆ ಒಬ್ಬರು ಎಂಬುದು ಸರ್ಕಾರವೇ ಇಟ್ಟುಕೊಂಡ ಮಾನದಂಡ. 2011ರ ಜನಗಣತಿಯ 1.38 ಲಕ್ಷವನ್ನೇ ಹಿಡಿದರೂ ಕೋಲಾರಕ್ಕೆ ಸುಮಾರು 200 ಮಂದಿ ಬೇಕು. ಅಲ್ಲಿಂದೀಚೆಗೆ ಊರು ಎಷ್ಟು ಬೆಳೆದಿದೆ ಎಂಬುದು ಟೊಮೆಟೊ ಮಂಡಿಯ ಕಡೆಗೋ ಹೆದ್ದಾರಿ ಪಕ್ಕದ ಹೊಸ ಬಡಾವಣೆಗಳ ಕಡೆಗೋ ಹೋದವರಿಗೆ ಗೊತ್ತು.

ಕೌನ್ಸಿಲ್‌ಗೆ ಕೊಟ್ಟ ಅಧಿಕಾರವೂ ಮೊಟಕು. ಊರಿನ ನಕ್ಷೆ, ಬಡಾವಣೆ ಅನುಮೋದನೆ ಪ್ರಾಧಿಕಾರಗಳ ಕೈಯಲ್ಲಿ. ನೀರು-ಒಳಚರಂಡಿಯ ದೊಡ್ಡ ಕಾಮಗಾರಿ ನಗರ ನೀರು ಸರಬರಾಜು ಮಂಡಳಿಯದ್ದು. ನಗರೋತ್ಥಾನದಂಥ ಯೋಜನೆಗಳ ಹಿಡಿತ ಜಿಲ್ಲಾ ಕೇಂದ್ರದಲ್ಲಿ. ಕೌನ್ಸಿಲ್ ನಿರ್ಣಯವನ್ನು ಅಮಾನತಿನಲ್ಲಿಡುವ ಅಧಿಕಾರ ಜಿಲ್ಲಾಧಿಕಾರಿಗಿದೆ. 74ನೇ ತಿದ್ದುಪಡಿ 18 ವಿಷಯಗಳನ್ನು ಪಟ್ಟಿ ಮಾಡಿತು, ರಾಜ್ಯಗಳು ಪೂರ್ತಿ ಕೊಡಲಿಲ್ಲ. ಉಳಿದ ಚೂರುಪಾರನ್ನಾದರೂ ಸದಸ್ಯರು ಗಟ್ಟಿಯಾಗಿ ಹಿಡಿದಿದ್ದಾರೆಯೇ? ಇಲ್ಲ. ಅಧ್ಯಕ್ಷರ ಚುನಾವಣೆಗೆ ಮುಂಚೆ ರೆಸಾರ್ಟ್ ಪ್ರವಾಸಕ್ಕೆ ಇರುವ ಹುರುಪು ಬಜೆಟ್ ಸಭೆಯಲ್ಲಿ ಕಾಣುವುದಿಲ್ಲ. ಗೆದ್ದ ಹೆಣ್ಣುಮಗಳ ಪರವಾಗಿ ಗಂಡ ಕಚೇರಿಯಲ್ಲಿ ವ್ಯವಹರಿಸುವುದನ್ನು ಎಲ್ಲರೂ ಸಹಿಸಿಕೊಂಡಿದ್ದಾರೆ. ಪೌರಾಯುಕ್ತರೋ ಮುಖ್ಯಾಧಿಕಾರಿಯೋ ಮುಂದಿಟ್ಟ ವಿಷಯಕ್ಕೆ ಕೈ ಎತ್ತಿ ಎದ್ದುಹೋಗುವ ಸಭೆ, ಆಡಳಿತಾಧಿಕಾರಿಯ ಸಹಿಗಿಂತ ಮೇಲಲ್ಲ.

ಕುರ್ಚಿ ಹೀಗೆ ಖಾಲಿ ಉಳಿಯುವುದನ್ನು ತಪ್ಪಿಸಲು ಹೊಸ ಕಾಯ್ದೆಯನ್ನೇ ತರಬೇಕಾಗಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಹೇಳಿತು. ವಾರ್ಡ್ ವಿಂಗಡಣೆಯ ನೆಪದಲ್ಲಿ ಮುಂದೂಡಬಾರದೆಂದು 2022ರ ಸುರೇಶ್ ಮಹಾಜನ್ ಪ್ರಕರಣದಲ್ಲಿ ಮತ್ತೆ ಹೇಳಿತು. ಅದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದು ಚುನಾವಣೆ ಬಾಕಿ ಉಳಿದಿತ್ತು. ನಗರಸಭೆ, ಪುರಸಭೆಗಳ ಎರಡೂ ಅವಧಿಯ ಅಧ್ಯಕ್ಷ, ಉಪಾಧ್ಯಕ್ಷ ಮೀಸಲಾತಿಯನ್ನು ವಾರ್ಡ್ ಮೀಸಲಾತಿಯ ಜೊತೆಗೇ, ಮತದಾನಕ್ಕೆ ಮುಂಚೆಯೇ ಪ್ರಕಟಿಸಬೇಕು. ತಕರಾರಿದ್ದವರು ಆಗಲೇ ನ್ಯಾಯಾಲಯಕ್ಕೆ ಹೋಗಲಿ. ಆರಿಸಿ ಬಂದ ಕೌನ್ಸಿಲ್ ಆ ತಕರಾರಿಗಾಗಿ ಕಾದು ಕೂರಬಾರದು. ಅಧ್ಯಕ್ಷ ಸ್ಥಾನ ಖಾಲಿಯಾದ ಅವಧಿಯಲ್ಲೂ ಸದಸ್ಯರೊಬ್ಬರ ಅಧ್ಯಕ್ಷತೆಯಲ್ಲಿ ತಿಂಗಳ ಸಭೆ ನಡೆಯುವಂತೆ ಸರ್ಕಾರ ನಿಯಮ ಮಾಡಬೇಕು.

ತಿಂಗಳಿಗೊಂದು ಸಾಮಾನ್ಯ ಸಭೆ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಆಶಯ. ನಡವಳಿಯ ಪ್ರತಿ ಕೇಳಲು ಮಾಹಿತಿ ಹಕ್ಕು ಕಾಯ್ದೆ 2005ರಿಂದಲೂ ಇದೆ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಮನೆಗೆ ಬಂದವರನ್ನು, ‘ಯಾವ ಪಕ್ಷ’ ಎಂದು ಕೇಳುವ ಮೊದಲು, ಹೋದ ಅವಧಿಯಲ್ಲಿ ನಮ್ಮ ವಾರ್ಡಿನ ಸದಸ್ಯರು ಎಷ್ಟು ಸಭೆಗೆ ಹೋದರು, ಯಾವ ಬಿಲ್ಲಿಗೆ ಏನು ಪ್ರಶ್ನೆ ಕೇಳಿದರು ಎಂದು ಕೇಳಿ. ಉತ್ತರ ನಗರಸಭೆಯ ನಡವಳಿ ಪುಸ್ತಕದಲ್ಲಿದೆ. ಒಂದು ಅರ್ಜಿ, ಹತ್ತು ರೂಪಾಯಿ ಶುಲ್ಕ ಸಾಕು.