ರೋಮ್‌ನಿಂದ ಹೊರಡುವ ಹಡಗು ರೋಮ್‌ನಲ್ಲಿ ನಿಲ್ಲುವುದಿಲ್ಲ! ಮೆಡಿಟರೇನಿಯನ್ ಕ್ರೂಸ್‌ಗೆ ಬಂದರು ಆರಿಸುವುದು ಹೇಗೆ?

'ರೋಮ್‌ನಿಂದ 7 ರಾತ್ರಿಗಳ ಮೆಡಿಟರೇನಿಯನ್ ಕ್ರೂಸ್' ಎಂಬ ಜಾಹೀರಾತನ್ನು ನಾವೆಲ್ಲ ನೋಡಿರುತ್ತೇವೆ. ಆದರೆ ಅಷ್ಟು ದೊಡ್ಡ ಹಡಗು ನಿಲ್ಲಬಲ್ಲ ಬಂದರು ರೋಮ್ ನಗರದಲ್ಲಿ ಇಲ್ಲವೇ ಇಲ್ಲ. ಹಡಗು ಹೊರಡುವುದು ಚಿವಿತಾವೆಕ್ಕಿಯಾ ಎಂಬ ಊರಿನಿಂದ. ಅದು ರೋಮ್‌ನ ವಾಯವ್ಯಕ್ಕೆ ಸುಮಾರು 70 ಕಿ.ಮೀ. ದೂರದಲ್ಲಿದೆ. ಹಾಗೆಯೇ 'ಫ್ಲಾರೆನ್ಸ್' ಎಂದು ಬರೆದಿದ್ದರೆ ಹಡಗು ನಿಲ್ಲುವುದು ಸಾಮಾನ್ಯವಾಗಿ ಲಿವೋರ್ನೋದಲ್ಲಿ. ಅಲ್ಲಿಂದ ಫ್ಲಾರೆನ್ಸ್‌ಗೆ ಇನ್ನೂ ಸುಮಾರು 90 ಕಿ.ಮೀ. ಇದೆ. 'ವೆನಿಸ್' ಎಂದಿದ್ದರೆ ಅದು ರಾವೆನ್ನಾ ಆಗಿರಬಹುದು, ಟ್ರಿಯೆಸ್ಟ್ ಕೂಡ ಆಗಿರಬಹುದು.

ಇದನ್ನು ಮೋಸ ಎನ್ನುವಂತಿಲ್ಲ, ಬಂದರಿನ ನಿಜವಾದ ಹೆಸರು ವಿವರಗಳಲ್ಲಿ ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಆದರೆ ಅದನ್ನು ಓದದೆ ಟಿಕೆಟ್ ಕೊಂಡವರಿಗೆ ಹಡಗು ತಪ್ಪಬಹುದು, ವೀಸಾ ಸಾಲದೆ ಹೋಗಬಹುದು, ಕೂಡಿಟ್ಟ ಹಣ ಕೈಬಿಡಬಹುದು. ಬಂದರುಗಳು ಊರಿನಿಂದ ಇಷ್ಟು ದೂರ ಇರುವುದೇಕೆ, ಹೊರಡುವ ಬಂದರನ್ನು ಆರಿಸುವಾಗ ಏನನ್ನು ಲೆಕ್ಕ ಹಾಕಬೇಕು ಎಂಬುದನ್ನು ನಾವು ಇಲ್ಲಿ ನೋಡೋಣ.

ಬಂದರು ಊರಿನಿಂದ ದೂರ ಏಕೆ?

ಇದಕ್ಕೆ ಮುಖ್ಯ ಕಾರಣ ಹೂಳು. ಹಳೆಯ ನಗರಗಳು ಹೆಚ್ಚಾಗಿ ನದಿಯ ದಡದಲ್ಲಿ ಬೆಳೆದವು. ನದಿ ತನ್ನೊಂದಿಗೆ ಮಣ್ಣು, ಮರಳು ತಂದು ಕಡಲು ಸೇರುವ ಕಡೆ ಸುರಿಯುತ್ತದೆ. ಉಬ್ಬರವಿಳಿತ ಜೋರಾಗಿರುವ ಕಡೆ ದಿನವೂ ಒಳಹೊರಗೆ ಹರಿಯುವ ನೀರು ಈ ಹೂಳಿನಲ್ಲಿ ಒಂದಷ್ಟನ್ನು ಕೊಚ್ಚಿಕೊಂಡು ಹೋಗುತ್ತದೆ. ಮೆಡಿಟರೇನಿಯನ್ ಸಮುದ್ರದಲ್ಲಿ ಉಬ್ಬರವಿಳಿತ ಬಹಳ ಕಡಿಮೆ. ಎಷ್ಟೋ ಕಡೆ ಅದು ಅರ್ಧ ಮೀಟರನ್ನೂ ಮುಟ್ಟುವುದಿಲ್ಲ. ಅಟ್ಲಾಂಟಿಕ್ ಸಾಗರಕ್ಕೆ ಈ ಸಮುದ್ರ ತೆರೆದುಕೊಂಡಿರುವುದು ಜಿಬ್ರಾಲ್ಟರ್ ಜಲಸಂಧಿಯ ಮೂಲಕ ಮಾತ್ರ. ಅದರ ಅತಿ ಕಿರಿದಾದ ಭಾಗ ಸುಮಾರು 14 ಕಿ.ಮೀ. ಅಷ್ಟೇ. ಸಾಗರದ ದೊಡ್ಡ ಉಬ್ಬರ ಆ ಕಿಂಡಿಯೊಳಗೆ ನುಗ್ಗಲಾರದು. ಹಾಗಾಗಿ ನದಿ ತಂದ ಹೂಳು ಬಹುಮಟ್ಟಿಗೆ ಅಳಿವೆಯ ಹತ್ತಿರವೇ ಉಳಿಯುತ್ತದೆ, ದಡ ವರ್ಷ ವರ್ಷ ಮುಂದೆ ಸರಿಯುತ್ತದೆ.

ರೋಮ್‌ನ ಕಥೆಯೂ ಇದೇ. ಟೈಬರ್ ನದಿಯ ಮುಖದಲ್ಲಿದ್ದ ಓಸ್ಟಿಯಾ ಪ್ರಾಚೀನ ರೋಮ್‌ಗೆ ಬಂದರಾಗಿತ್ತು. ಇಂದು ಅದರ ಅವಶೇಷಗಳು ಕಡಲಿನಿಂದ ಸುಮಾರು 3 ಕಿ.ಮೀ. ಒಳಗಿವೆ. ಮೊದಲನೇ ಶತಮಾನದಲ್ಲಿ ಚಕ್ರವರ್ತಿ ಕ್ಲಾಡಿಯಸ್ ಓಸ್ಟಿಯಾದ ಉತ್ತರಕ್ಕೆ ಹೊಸ ಬಂದರು ಕಟ್ಟಿಸಲು ಶುರುಮಾಡಿದ. ನಂತರ ಬಂದ ಟ್ರೇಜನ್ ಅಲ್ಲಿ ಆರು ಮೂಲೆಯ ಕೊಳವೊಂದನ್ನು ಸೇರಿಸಿದ. ಆ ಕೊಳ ಇವತ್ತು ಫ್ಯೂಮಿಚಿನೊ ವಿಮಾನ ನಿಲ್ದಾಣದ ಪಕ್ಕದಲ್ಲಿ ಕೆರೆಯಾಗಿ ಉಳಿದಿದೆ. ಅದೇ ಟ್ರೇಜನ್ ಟೈಬರ್‌ನ ಹೂಳಿನಿಂದ ದೂರದಲ್ಲಿ ಇನ್ನೊಂದು ಬಂದರು ಕಟ್ಟಿಸಿದ್ದ. ಅದೇ ಈಗಿನ ಚಿವಿತಾವೆಕ್ಕಿಯಾ! ಎಂಟು ಒಂಬತ್ತು ಮೀಟರ್ ಆಳದ ನೀರು ಬೇಡುವ ಇಂದಿನ ದೊಡ್ಡ ಕ್ರೂಸ್ ಹಡಗುಗಳು ಅಲ್ಲಿಗೆ ಬರುತ್ತವೆ.

ನಮ್ಮ ಕರಾವಳಿಯವರಿಗೆ ಇದು ಹೊಸ ಮಾತಲ್ಲ. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯ ಒಳಗಿರುವ ಮಂಗಳೂರಿನ ಹಳೆ ಬಂದರಿಗೆ ದೊಡ್ಡ ಹಡಗು ಬರಲಾಗದು. 1970ರ ದಶಕದಲ್ಲಿ ನವಮಂಗಳೂರು ಬಂದರನ್ನು ಕಟ್ಟಿದ್ದು ಅದರ ಉತ್ತರಕ್ಕಿರುವ ಪಣಂಬೂರಿನಲ್ಲಿ. 'ಮಂಗಳೂರಿಗೆ ಬಂದೆವು' ಎನ್ನುವ ವಿದೇಶಿ ಕ್ರೂಸ್ ಪ್ರವಾಸಿಗರು ಇಳಿಯುವುದೂ ಪಣಂಬೂರಿನಲ್ಲೇ.

ದೊಡ್ಡ ನದಿಯ ಬಾಯಿಂದ ದೂರವಿರುವ ಊರುಗಳಿಗೆ ಈ ಕಷ್ಟ ಕಡಿಮೆ. ಅಥೆನ್ಸ್‌ನ ಬಂದರು ಪಿರೇಯಸ್ ನಗರದ ನಡುವಿನಿಂದ ಸುಮಾರು 10 ಕಿ.ಮೀ. ದೂರದಲ್ಲಿದೆ. ರೋನ್ ನದಿಯ ಹೂಳನ್ನು ಕಡಲಿನ ಪ್ರವಾಹ ಪಶ್ಚಿಮಕ್ಕೆ ಒಯ್ಯುತ್ತದೆ, ಮಾರ್ಸೇಲ್ ಇರುವುದು ಆ ನದೀಮುಖದ ಪೂರ್ವಕ್ಕೆ. ಹಾಗಾಗಿ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲದಿಂದ ಅದು ಬಂದರಾಗಿಯೇ ಉಳಿದಿದೆ.

ವೆನಿಸ್‌ಗೆ ಏನಾಯಿತು?

ವೆನಿಸ್ ವಿಷಯದಲ್ಲಿ ಹಡಗುಗಳನ್ನು ತಡೆದದ್ದು ಹೂಳಲ್ಲ, ಕಾನೂನು. ಬಹುಮಹಡಿ ಕಟ್ಟಡದಂಥ ಹಡಗುಗಳು ಹಳೆಯ ನಗರದ ಅಂಚಿನಲ್ಲಿರುವ ಜುದೆಕ್ಕಾ ಕಾಲುವೆಯಲ್ಲಿ ಸಾಗುತ್ತಿದ್ದವು. ಇದರಿಂದ ನಗರದ ಅಡಿಪಾಯಕ್ಕೂ ಅದರ ಸುತ್ತಲಿನ ಲಗೂನಿಗೂ ಹಾನಿಯಾಗುತ್ತದೆ ಎಂದು ಸ್ಥಳೀಯರು ವರ್ಷಗಟ್ಟಲೆ ಹೋರಾಡಿದರು. 2019ರ ಜೂನ್‌ನಲ್ಲಿ ದೊಡ್ಡ ಕ್ರೂಸ್ ಹಡಗೊಂದು ಅಲ್ಲಿನ ಕಟ್ಟೆಗೂ ಪ್ರವಾಸಿ ದೋಣಿಗೂ ಗುದ್ದಿತು. ಕೊನೆಗೆ ಇಟಲಿ ಸರಕಾರ 2021ರ ಆಗಸ್ಟ್ 1ರಿಂದ 25,000 ಗ್ರಾಸ್ ಟನೇಜ್ ಮೀರಿದ ಹಡಗುಗಳಿಗೆ ಆ ದಾರಿಯನ್ನು ಮುಚ್ಚಿತು. ಉದ್ದ 180 ಮೀಟರ್ ಅಥವಾ ಎತ್ತರ 35 ಮೀಟರ್ ಮೀರಿದರೂ ಪ್ರವೇಶವಿಲ್ಲ.

ಇಲ್ಲೊಂದು ತಪ್ಪು ಕಲ್ಪನೆಯನ್ನು ಬಿಡಿಸಿಕೊಳ್ಳೋಣ. ಗ್ರಾಸ್ ಟನೇಜ್ ಎಂದರೆ ಹಡಗಿನ ತೂಕ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ತೂಕವಲ್ಲ. ಹಡಗಿನೊಳಗೆ ಮುಚ್ಚಿದ ಜಾಗ ಒಟ್ಟು ಎಷ್ಟಿದೆ ಎಂಬುದನ್ನು ಸೂತ್ರವೊಂದಕ್ಕೆ ಹಾಕಿ ಪಡೆಯುವ ಸಂಖ್ಯೆ. ಇಂದಿನ ದೊಡ್ಡ ಕ್ರೂಸ್ ಹಡಗುಗಳಲ್ಲಿ ಅನೇಕವು ಒಂದೂವರೆ ಲಕ್ಷ ದಾಟುತ್ತವೆ. 25,000ದ ಮಿತಿಯೊಳಗೆ ಬರುವುದು ಚಿಕ್ಕ ಹಡಗುಗಳು ಮಾತ್ರ.

ಹೀಗಾಗಿ 'ವೆನಿಸ್' ಕ್ರೂಸ್‌ಗಳು ಈಗ ಹಂಚಿಹೋಗಿವೆ. ಕೆಲವು ಹಡಗುಗಳು ಲಗೂನಿನ ಒಳನಾಡಿನ ಬದಿಯ ಮಾರ್ಗೇರಾಕ್ಕೆ ಬರುತ್ತವೆ. ಇನ್ನು ಕೆಲವು ಸುಮಾರು 150 ಕಿ.ಮೀ. ದೂರದ ರಾವೆನ್ನಾ ಅಥವಾ ಟ್ರಿಯೆಸ್ಟ್‌ನಿಂದ ಹೊರಡುತ್ತವೆ. ಹಡಗಿನ ಮೇಲಿಂದ ವೆನಿಸ್‌ನ ಗೋಪುರಗಳನ್ನು ನೋಡುವ ಆಸೆಯಿಂದಲೇ ಆ ಪ್ರವಾಸವನ್ನು ಆರಿಸಿಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು. ಇಂಥ ನಿಯಮ ವೆನಿಸ್‌ಗಷ್ಟೇ ಸೀಮಿತವೂ ಅಲ್ಲ. ಬಾರ್ಸಿಲೋನಾ ತನ್ನ 7 ಕ್ರೂಸ್ ಟರ್ಮಿನಲ್‌ಗಳನ್ನು 2030ರೊಳಗೆ 5ಕ್ಕೆ ಇಳಿಸಲು 2025ರಲ್ಲಿ ನಿರ್ಧರಿಸಿತು. ಎರಡು ವರ್ಷದ ಹಿಂದೆ ಹೋಗಿ ಬಂದವರ ಅನುಭವ ಈ ವರ್ಷಕ್ಕೆ ಹೊಂದಲೇಬೇಕೆಂದಿಲ್ಲ.

ಬಂದರು ಬದಲಾದರೆ ನೋಡುವ ಊರುಗಳೂ ಬದಲಾಗುತ್ತವೆಯೇ?

ಎಲ್ಲ ಸಲವೂ ಅಲ್ಲ. ಪಶ್ಚಿಮ ಮೆಡಿಟರೇನಿಯನ್‌ನ ಅನೇಕ ಹಡಗುಗಳು ವಾರಕ್ಕೊಂದು ಸುತ್ತು ಹಾಕುತ್ತವೆ: ಬಾರ್ಸಿಲೋನಾ, ಮಾರ್ಸೇಲ್, ಜಿನೋವಾ, ಚಿವಿತಾವೆಕ್ಕಿಯಾ ಹೀಗೆ ಸಾಗಿ ಮತ್ತೆ ಮೊದಲಿನ ಜಾಗಕ್ಕೆ. ಕೆಲವು ಕಂಪನಿಗಳು ಇವುಗಳಲ್ಲಿ ಯಾವ ಬಂದರಿನಲ್ಲಿ ಬೇಕಾದರೂ ಹತ್ತಲು ಅವಕಾಶ ಕೊಡುತ್ತವೆ. ಒಬ್ಬರು ಭಾನುವಾರ ಜಿನೋವಾದಲ್ಲಿ ಹತ್ತಿದರೆ, ಇನ್ನೊಬ್ಬರು ಸೋಮವಾರ ಮಾರ್ಸೇಲ್‌ನಲ್ಲಿ ಅದೇ ಹಡಗು ಏರುತ್ತಾರೆ. ಇಬ್ಬರೂ ಕಾಣುವ ಊರುಗಳು ಅವೇ, ಕ್ರಮ ಮಾತ್ರ ಬೇರೆ. ಇಂಥ ಪ್ರವಾಸದಲ್ಲಿ ತಲುಪಲು ಸುಲಭವಾದ ಬಂದರನ್ನು ಆರಿಸಿಕೊಂಡರೆ ನಮಗೆ ನಷ್ಟವೇನೂ ಇಲ್ಲ.

ಒಂದು ಊರಿನಲ್ಲಿ ಹತ್ತಿ ಬೇರೊಂದು ಊರಿನಲ್ಲಿ ಇಳಿಯುವ ಪ್ರವಾಸದ ಲೆಕ್ಕ ಬೇರೆ. ಬಾರ್ಸಿಲೋನಾದಲ್ಲಿ ಹತ್ತಿ ಪಿರೇಯಸ್‌ನಲ್ಲಿ ಇಳಿಯುವವರು ಹೋಗುವುದಕ್ಕೊಂದು, ಬರುವುದಕ್ಕೊಂದು ಊರಿನ ವಿಮಾನ ಟಿಕೆಟ್ ನೋಡಬೇಕು. ಹಡಗಿನ ದರ ಕಡಿಮೆ ಎಂದು ಹೊರಟರೆ, ಉಳಿದ ಹಣ ವಿಮಾನಕ್ಕೇ ಹೋಗಿಬಿಡಬಹುದು.

ಹಡಗು ನಮಗಾಗಿ ಕಾಯುವುದಿಲ್ಲವೇ?

ಸಾಮಾನ್ಯವಾಗಿ ಕಾಯುವುದಿಲ್ಲ. ಕಟ್ಟೆಯಲ್ಲಿ ನಿಲ್ಲುವ ಹೊತ್ತು, ಹಡಗನ್ನು ಹೊರಗೊಯ್ಯಲು ದಾರಿ ತೋರುವ ಪೈಲಟ್, ಮರುದಿನದ ಬಂದರಿನಲ್ಲಿ ಸಿಗುವ ಜಾಗ, ಎಲ್ಲವೂ ಮೊದಲೇ ನಿಗದಿಯಾಗಿರುತ್ತವೆ. ಪ್ರಯಾಣಿಕರ ಪಟ್ಟಿಯನ್ನೂ ಹೊರಡುವ ಮುನ್ನ ಅಂತಿಮಗೊಳಿಸಬೇಕು. ಹಾಗಾಗಿ ಹಡಗು ಹೊರಡುವ ಒಂದರಿಂದ ಒಂದೂವರೆ ಗಂಟೆ ಮೊದಲೇ ಚೆಕ್-ಇನ್ ಮುಚ್ಚುವುದು ರೂಢಿ.

ಒಂದು ಉದಾಹರಣೆ ಹಾಕಿ ನೋಡೋಣ. ಹಡಗು ಸಂಜೆ 5ಕ್ಕೆ ಹೊರಡುತ್ತದೆ, ಚೆಕ್-ಇನ್ 3:30ಕ್ಕೆ ಮುಚ್ಚುತ್ತದೆ ಎಂದುಕೊಳ್ಳಿ. ವಿಮಾನ ಇಳಿಯುವುದು ಮಧ್ಯಾಹ್ನ 1ಕ್ಕೆ. ಪಾಸ್‌ಪೋರ್ಟ್ ಸಾಲು, ಸಾಮಾನು ಎಲ್ಲ ಸೇರಿ ಒಂದೂವರೆ ಗಂಟೆ ಹಿಡಿದರೆ ಹೊರಗೆ ಬರುವಾಗ 2:30. ಬಾರ್ಸಿಲೋನಾದಲ್ಲಿ ವಿಮಾನ ನಿಲ್ದಾಣದಿಂದ ಬಂದರಿಗೆ ಸುಮಾರು 15 ಕಿ.ಮೀ., ಟ್ಯಾಕ್ಸಿಯಲ್ಲಿ ಅರ್ಧ ಗಂಟೆ ಎಂದುಕೊಂಡರೂ 3ಕ್ಕೆ ತಲುಪುತ್ತೀರಿ. ಅದೇ ಹೊತ್ತಿಗೆ ರೋಮ್‌ನ ಫ್ಯೂಮಿಚಿನೊದಲ್ಲಿ ಇಳಿದವರಿಗೆ ಚಿವಿತಾವೆಕ್ಕಿಯಾ ಇನ್ನೂ ಸುಮಾರು 60 ಕಿ.ಮೀ. ರೈಲಿನಲ್ಲಾದರೆ ನಡುವೆ ಗಾಡಿ ಬದಲಿಸಬೇಕು. ಅವರು ಮುಟ್ಟುವಾಗ 4 ದಾಟಿರಬಹುದು. ವಿಮಾನ ತಡವಾಗದಿದ್ದರೂ ಹಡಗು ತಪ್ಪಿತು! ಅಥೆನ್ಸ್ ಇವೆರಡರ ನಡುವೆ ಬರುತ್ತದೆ. ಅಲ್ಲಿ ವಿಮಾನ ನಿಲ್ದಾಣದಿಂದ ಪಿರೇಯಸ್‌ಗೆ ಸುಮಾರು 40 ಕಿ.ಮೀ., ಆದರೆ 2022ರ ಅಕ್ಟೋಬರ್‌ನಿಂದ ಮೆಟ್ರೋ ನೇರವಾಗಿ ಹೋಗುತ್ತದೆ, ಸುಮಾರು ಒಂದು ಗಂಟೆಯ ದಾರಿ.

ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ಕೊಲ್ಲಿ ದೇಶದಲ್ಲೋ ಯೂರೋಪಿನ ಇನ್ನೊಂದು ನಗರದಲ್ಲೋ ವಿಮಾನ ಬದಲಿಸುತ್ತಾರೆ. ಅಲ್ಲಿ ಸೂಟ್‌ಕೇಸ್ ಹಿಂದುಳಿದರೆ, ಅದು ಮರುದಿನ ಬರುವ ಹೊತ್ತಿಗೆ ಹಡಗು ಇನ್ನೊಂದು ದೇಶದಲ್ಲಿರುತ್ತದೆ. ವಯಸ್ಸಾದ ತಂದೆತಾಯಿಯ ಮಾತ್ರೆಗಳು ಅದರೊಳಗಿದ್ದರೆ ತೊಂದರೆ ದೊಡ್ಡದು. ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಯಾವ ಬಂದರಾದರೂ ಸರಿ, ಹಿಂದಿನ ದಿನವೇ ತಲುಪಿ ಒಂದು ರಾತ್ರಿ ತಂಗುವುದು ಒಳ್ಳೆಯದು. ಆ ರಾತ್ರಿಯ ಹೋಟೆಲ್ ಖರ್ಚನ್ನೂ ಪ್ರವಾಸದ ಖರ್ಚಿಗೇ ಸೇರಿಸಬೇಕು.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಲೆಕ್ಕ

'ಹಡಗು ಹೊರಡುವ ದೇಶದ ವೀಸಾಕ್ಕೇ ಅರ್ಜಿ ಹಾಕಬೇಕು' ಎಂಬ ಮಾತು ಆಗಾಗ ಕೇಳಿಬರುತ್ತದೆ. ಷೆಂಗೆನ್ ನಿಯಮ ಹಾಗಿಲ್ಲ. ಯಾವ ದೇಶದಲ್ಲಿ ಹೆಚ್ಚು ದಿನ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಬಾರ್ಸಿಲೋನಾದಲ್ಲಿ ಹತ್ತಿದರೂ ದಾರಿಯಲ್ಲಿ ಮೂರು ದಿನ ಇಟಲಿಯ ಬಂದರುಗಳಿದ್ದರೆ ಅರ್ಜಿ ಇಟಲಿಗೆ ಹೋಗಬೇಕಾಗಬಹುದು. ಹಡಗಿನ ಮುಂಚೆ ಅಥವಾ ಆಮೇಲೆ ಹೋಟೆಲಿನಲ್ಲಿ ಕಳೆಯುವ ದಿನಗಳೂ ಇದರಲ್ಲಿ ಸೇರುವುದರಿಂದ, ಬಂದರಿನ ಆಯ್ಕೆ ಈ ಲೆಕ್ಕವನ್ನು ಬದಲಿಸಬಲ್ಲದು. ಅರ್ಜಿಯನ್ನು ಪ್ರವಾಸಕ್ಕೆ 6 ತಿಂಗಳು ಮೊದಲಿನಿಂದ ಸಲ್ಲಿಸಬಹುದು, 15 ದಿನಕ್ಕಿಂತ ತಡವಾಗಬಾರದು.

ಎರಡನೆಯದು ಎಷ್ಟು ಬಾರಿ ಒಳಬರಬಹುದು ಎಂಬುದು. ಪಿರೇಯಸ್‌ನಿಂದ ಹೊರಟ ಹಡಗು ಟರ್ಕಿಯ ಕುಶಾದಸಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬಂದರೆ, ನೀವು ಷೆಂಗೆನ್ ಪ್ರದೇಶ ಬಿಟ್ಟು ಮರಳಿ ಒಳಬಂದಂತೆ. ಒಂದೇ ಪ್ರವೇಶದ ವೀಸಾ ಇದಕ್ಕೆ ಸಾಲದು. ಟರ್ಕಿಯ ವೀಸಾ ನಿಯಮವನ್ನೂ ಬೇರೆಯಾಗಿ ನೋಡಿಕೊಳ್ಳಬೇಕು. ಮಾಂಟೆನೆಗ್ರೋದ ಕೊಟೋರ್ ಇರುವ ಪ್ರವಾಸಕ್ಕೂ ಇದೇ ಎಚ್ಚರ ಬೇಕು. ಕ್ರೊಯೇಷಿಯಾ ಮಾತ್ರ 2023ರ ಜನವರಿ 1ರಿಂದ ಷೆಂಗೆನ್ ಸೇರಿದೆ. ಹಡಗಿನ ಕಂಪನಿ ಈ ದಾಖಲೆಗಳನ್ನೆಲ್ಲ ಹೊರಡುವ ಬಂದರಿನಲ್ಲೇ ನೋಡುತ್ತದೆ. ವೀಸಾ ಸಾಲದಿದ್ದರೆ ಹತ್ತಿಸಿಕೊಳ್ಳದೆ ಕಳಿಸಬಹುದು.

ಹಡಗು ತಪ್ಪಿಸಿಕೊಂಡವರಿಗೂ ವೀಸಾ ಮುಖ್ಯ. ಕಂಪನಿ ಒಪ್ಪಿದರೆ ಮುಂದಿನ ಬಂದರಿನಲ್ಲಿ ಸ್ವಂತ ಖರ್ಚಿನಲ್ಲಿ ಹೋಗಿ ಹತ್ತಬಹುದು. ಬಾರ್ಸಿಲೋನಾ ತಪ್ಪಿದವರು ಮಾರ್ಸೇಲ್‌ಗೆ ನೆಲದ ಮೇಲೆಯೇ ಹೋಗಬಹುದು, ವೀಸಾವೂ ಅದೇ. ಪಿರೇಯಸ್ ತಪ್ಪಿ ಮುಂದಿನ ಬಂದರು ಟರ್ಕಿಯದಾದರೆ ಅದು ಅಷ್ಟು ಸುಲಭವಲ್ಲ.

ಹಾಗಾದರೆ ಯಾವ ಬಂದರು ಒಳ್ಳೆಯದು?

ಎಲ್ಲರಿಗೂ ಹೊಂದುವ ಒಂದು ಹೆಸರನ್ನು ನಾವು ಹೇಳಲಾಗದು. ಮೊದಲ ಬಾರಿ ಹೋಗುವವರಿಗೆ, ಮಕ್ಕಳು ಅಥವಾ ಹಿರಿಯರು ಜೊತೆಗಿದ್ದವರಿಗೆ ಬಾರ್ಸಿಲೋನಾದಂತೆ ವಿಮಾನ ನಿಲ್ದಾಣ, ಊರು, ಬಂದರು ಮೂರೂ ಹತ್ತಿರವಿರುವ ಜಾಗ ಅನುಕೂಲ. ರೋಮ್ ನೋಡಲೇಬೇಕು ಎನ್ನುವವರು ಮೊದಲೇ ಹೋಗಿ ಎರಡು ದಿನ ರೋಮ್‌ನಲ್ಲಿದ್ದು ಚಿವಿತಾವೆಕ್ಕಿಯಾದಲ್ಲಿ ಹತ್ತಿದರೆ ಆ 70 ಕಿ.ಮೀ. ಭಾರವೆನಿಸದು. ಗ್ರೀಕ್ ದ್ವೀಪಗಳಿಗಾಗಿ ಹೋಗುವವರಿಗೆ ಪಿರೇಯಸ್ ಸಹಜ ಆಯ್ಕೆ.

ಹಣ ಕಟ್ಟುವ ಮುನ್ನ ಟಿಕೆಟ್ಟಿನ ವಿವರದಲ್ಲಿ ಬಂದರಿನ ಮತ್ತು ಟರ್ಮಿನಲ್‌ನ ಹೆಸರು ಹುಡುಕಿ, ನಕ್ಷೆಯಲ್ಲಿ ವಿಮಾನ ನಿಲ್ದಾಣದಿಂದ ಅದರ ದೂರ ನೋಡಿ. ಹಡಗಿನ ದರ, ವಿಮಾನ, ಒಂದು ರಾತ್ರಿಯ ಹೋಟೆಲ್, ಎರಡೂ ಕಡೆಯ ಟ್ಯಾಕ್ಸಿ ಅಥವಾ ರೈಲು, ವೀಸಾ, ವಿಮೆ ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದು ಕೂಡಿಸಿ. ಹೀಗೆ ಎರಡು ಮೂರು ಬಂದರುಗಳನ್ನು ಹೋಲಿಸಿದಾಗ, ಜಾಹೀರಾತಿನಲ್ಲಿ ಅಗ್ಗವೆಂದು ಕಂಡ ಪ್ರವಾಸ ಎಷ್ಟೋ ಸಲ ಅಗ್ಗವಾಗಿ ಉಳಿಯುವುದಿಲ್ಲ.